ಅಹಲ್ಯಾ ಆಂಟಿಯ ಬುಧವಾರದ ಕೋಡುಬಳೆ

೧೯೮೩ರಲ್ಲಿ ನಾನು ಪರ್ತ್ ಬಿಟ್ಟು ಅಡಿಲೇಡ್‌ನ ಒಂದು ಆಸ್ಪತ್ರೆಗೆ ತಂತ್ರಜ್ಞನಾಗಿ ಸೇರಿದೆ. ದೇಹದ ರಕ್ಷಣಾ ಶಕ್ತಿಯೇ ತಿರುಗಿಬಿದ್ದು ದುಡಿಸಿದಷ್ಟೂ ಸ್ನಾಯುಗಳನ್ನು ಸೋಲಿಸುವ ಕಾಯಿಲೆಗೆ ಅಲ್ಲಿ ಮಾತ್ರೆಯ ಪ್ರಯೋಗ ನಡೆಯುತ್ತಿತ್ತು. ಅರ್ಧ ಜನಕ್ಕೆ ಔಷಧ, ಅರ್ಧ ಜನಕ್ಕೆ ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದೆಂಬ ಪಟ್ಟಿ, ನಮಗಾರಿಗೂ ತಿಳಿಯಬಾರದೆಂದು, ಬ್ರಿಸ್ಬೇನ್‌ನಲ್ಲಿತ್ತು. ರೋಗಿಗಳು ಎಷ್ಟು ಸೆಕೆಂಡು ಕೈ ಚಾಚಿ ಹಿಡಿಯಬಲ್ಲರೆಂದು ಅಳೆಯುವುದು ನನ್ನ ಕೆಲಸ.

ಅವರಲ್ಲೊಬ್ಬರು ಆ ಊರಲ್ಲೇ ನೆಲೆಸಿದ್ದ ಕನ್ನಡಿಗ ಡಾಕ್ಟರ್ ಗೋಪಾಲಕೃಷ್ಣ ಅವರ ಹೆಂಡತಿ ಅಹಲ್ಯಾ ಆಂಟಿ. ಮೂರು ತಿಂಗಳಿಗೊಂದು ಬುಧವಾರ ಕಡಲ ದಡದ ಗ್ಲೆನೆಲ್ಗ್ ಬಡಾವಣೆಯಿಂದ ಟ್ರ್ಯಾಮ್‌ನಲ್ಲಿ ಬರುತ್ತಿದ್ದರು, ಕೈಯಲ್ಲಿ ಸ್ಟೀಲ್ ಡಬ್ಬಿ.

“ಒಬ್ನೇ ಏನು ಬೇಯಿಸ್ಕೋತೀಯೋ ಲಿಂಗರಾಜು, ಸ್ಟಾಪ್‌ವಾಚ್ನಾ? ತಗೋ, ಕೋಡುಬಳೆ.”

ಖಾಲಿ ಡಬ್ಬಿ ಹಿಂದಿರುಗಿಸಬಾರದೆಂದು ನಾನು ಸೇಬು ತುಂಬಿ ಕೊಡುತ್ತಿದ್ದೆ. ಮುಂದಿನ ಸಲ ಇನ್ನೂ ದೊಡ್ಡ ಡಬ್ಬಿ ಬರುತ್ತಿತ್ತು.

ಪ್ರತಿ ಪರೀಕ್ಷೆಗೆ ನಾನು ತುಂಬಬೇಕಿದ್ದ ನಮೂನೆಯ ಮೊದಲ ಪ್ರಶ್ನೆ: ಬೆಳಿಗ್ಗೆಯಿಂದ ವಿಶ್ರಾಂತಿ ಪಡೆದಿದ್ದಾರೆಯೇ? ಉಳಿದವರನ್ನೆಲ್ಲ ಕೇಳುತ್ತಿದ್ದೆ. ತಿಂಡಿ ಕೊಟ್ಟ ಹಿರಿಯರನ್ನು ಹಾಗೆ ವಿಚಾರಿಸಲು ಸಂಕೋಚವಾಗಿ, ನಾನೇ ‘ಹೌದು’ ಎಂದು ಗುರುತು ಹಾಕುತ್ತಿದ್ದೆ.

ಮೊದಲ ಸಲ ಎಂಬತ್ತೆಂಟು ಸೆಕೆಂಡು. ಆಮೇಲೆ ಅರವತ್ತೊಂಬತ್ತು, ಐವತ್ತು, ಮೂವತ್ತೆಂಟು. ಸತತ ಮೂರು ಸಲ ಇಳಿದರೆ ಮಾತ್ರೆ ನಿಲ್ಲಿಸಬೇಕೆಂಬುದು ನಿಯಮ. ನಿಲ್ಲಿಸಿದರು. ನಾಲ್ಕು ತಿಂಗಳಲ್ಲಿ ಆಂಟಿ ನೀರನ್ನೂ ನುಂಗಲಾರದೆ ವಾರ್ಡಿಗೆ ಬಂದರು. ಆಗ ಬ್ರಿಸ್ಬೇನ್‌ನಿಂದ ಪಟ್ಟಿ ತರಿಸಿ ನೋಡಿದರೆ, ಅವರಿಗೆ ಸಿಗುತ್ತಿದ್ದದ್ದು ನಿಜವಾದ ಔಷಧ.

“ಬೇರೆ ದಿನ ಚೆನ್ನಾಗೇ ಇದ್ಲು,” ಹಾಸಿಗೆಯ ಪಕ್ಕ ಕೂತಿದ್ದ ಗೋಪಾಲಕೃಷ್ಣ ಹೇಳಿದರು. “ನಿಮ್ಮ ಟೆಸ್ಟ್ ದಿನ ಮಾತ್ರ ಐದಕ್ಕೇ ಎದ್ದು ಹಿಟ್ಟು ನಾದಿ, ಹೊಸೀತಾ ಕೂತ್ಕೋತಿದ್ಲು. ಬೇಡ ಅಂದ್ರೆ ಕೇಳ್ತಾಳಾ? ನಾನೂ ಡಾಕ್ಟ್ರೇ, ಸುಮ್ಮನಿದ್ದೆ.”

ನಾನು ಅಳೆದದ್ದು ಔಷಧವನ್ನಲ್ಲ, ಕೋಡುಬಳೆ ಹೊಸೆದು ಸೋತ ತೋಳುಗಳನ್ನು.

ಅಂದೇ ನಾಲ್ಕೂ ನಮೂನೆಗಳನ್ನು ಮುಖ್ಯ ವೈದ್ಯರ ಮೇಜಿನ ಮೇಲಿಟ್ಟು, ಗುರುತು ಹಾಕಿದ್ದು ನಾನೇ ಎಂದೆ. ಅವರು ಆಂಟಿಯ ಅಂಕಿಗಳನ್ನು ಹೊಡೆದುಹಾಕಿ ಔಷಧವನ್ನು ಮತ್ತೆ ಶುರುಮಾಡಿಸಿದರು. ನನ್ನನ್ನು ಆ ಕೆಲಸದಿಂದ ತೆಗೆಯಲಿಲ್ಲ, ತೆಗೆದಿದ್ದರೆ ಹಗುರವಾಗುತ್ತಿತ್ತು.

ಎಲ್ಲವನ್ನೂ ಆಂಟಿಗೂ ಹೇಳಿದೆ. ಅವರು ಬಿಡು ಎಂಬಂತೆ ಕೈಯಾಡಿಸಿದರು, ಅಷ್ಟೇ. ಮಾತಾಡುವ ಶಕ್ತಿ ಇರಲಿಲ್ಲ.

ವರ್ಷದ ನಂತರ ಮತ್ತೆ ಪರೀಕ್ಷೆಗೆ ಬಂದರು. ಕಾಯಿಲೆಯಿಂದ ಜೋತುಬಿದ್ದಿದ್ದ ಎಡ ರೆಪ್ಪೆ ಇನ್ನೂ ಪೂರ್ತಿ ಎದ್ದಿರಲಿಲ್ಲ.

“ಬೆಳಿಗ್ಗೆಯಿಂದ ರೆಸ್ಟ್ ತಗೊಂಡಿದ್ರಾ, ಆಂಟಿ?”

“ಹೂಂ ಕಣೋ ಇನ್‌ಸ್ಪೆಕ್ಟರೇ. ಅಂಗಡಿ ಬಿಸ್ಕತ್ತು ತಂದಿದ್ದೀನಿ, ಬೇಕಾದ್ರೆ ಪ್ಯಾಕೆಟ್ ನೋಡ್ಕೋ.”

ತೊಂಬತ್ತೊಂದು ಸೆಕೆಂಡು. ಬರೆದುಕೊಂಡೆ. ಅವರೆದುರೇ ಪ್ಯಾಕೆಟ್ ಒಡೆದು ಒಂದು ಬಿಸ್ಕತ್ತು ತಿಂದೆ.