ಮಲ್‌ಸುನ್‌ಳ ಅನುಮಾನ
ಬೂಸಾನ್ ಬಂದರಿನ ಬಳಿ ಮೀನಿನ ವಡೆ ಮಾರುವ ಮಲ್‌ಸುನ್ ತನ್ನೊಬ್ಬಳನ್ನು ಬಿಟ್ಟು ಊರಿನವರನ್ನೆಲ್ಲ ನಂಬುತ್ತಾಳೆ. ಅಂಗಡಿಗೆ ಬೀಗ ಹಾಕಿ ಬಸ್ ಹತ್ತಲು ಹೋದವಳು ಗ್ಯಾಸ್ ಮುಚ್ಚಿದೆನೋ ಇಲ್ಲವೋ ಎಂದು ಹಿಂದಿರುಗುತ್ತಾಳೆ. ಸಿಲಿಂಡರಿನ ಗುಂಡಿ ಮುಟ್ಟಿ "ಮುಚ್ಚಿದೆ" ಎಂದು ಗಟ್ಟಿಯಾಗಿ ಹೇಳಿ, ಹಾಗೆ ಹೇಳಿದ ಬಾಯಿಯ ಮೇಲೇ ಸಂಶಯಪಟ್ಟು ಮತ್ತೆ ಮುಟ್ಟುತ್ತಾಳೆ. "ಮುಚ್ಚಿದೆ ಅಂತ ನಿಂಗೇ ಗೊತ್ತಲ್ಲೇ!" ಎಂದು ಗಂಡ ದೋಂಗ್‌ಪಿಲ್ ರೇಗಿದರೆ, "ಗೊತ್ತು ಕಣ್ರೀ, ಗೊತ್ತಿದ್ರೂ ಮನಸ್ಸು ಒಪ್ಪಲ್ಲ" ಎನ್ನುತ್ತಾಳೆ. ಮೊನ್ನೆ ಪಕ್ಕದ ನೂಡಲ್ಸ್ ಅಂಗಡಿಗೆ ನಿಜವಾಗಿಯೇ ಬೆಂಕಿ ಬಿತ್ತು. ಬೀದಿಯವರೆಲ್ಲ ದೂರ ಓಡುವಾಗ ಅವಳು ಒಳನುಗ್ಗಿ, ಸಿಲಿಂಡರ್ ಮುಚ್ಚಿ, ತಿರುಗಿಯೂ ನೋಡದೆ ಹೊರಬಂದಳು. "ಹೆದರಿಕೆ ಆಗ್ಲಿಲ್ವೇನೇ?" ಎಂದು ದೋಂಗ್‌ಪಿಲ್ ಕೇಳಿದ. ಮಲ್‌ಸುನ್ ಮಸಿ ಹಿಡಿದ ಕೈಗಳನ್ನೇ ನೋಡುತ್ತ ಅಂದಳು: "ಬೆಂಕಿಗೆ ನಾನ್ಯಾವತ್ತು ಹೆದರಿದ್ದೆ? ನಂಗೆ ನನ್ನದೇ ಹೆದರಿಕೆ."