ಹಿಮ ಇಳಿಸಿದ ಮಣ್ಣು

ಅಪ್ಪ ಬಾವಿ ತೋಡುತ್ತಿದ್ದವರು. ಪಾವಗಡ, ಮಧುಗಿರಿ ಸೀಮೆಯ ಎಷ್ಟೋ ಹೊಲಗಳಲ್ಲಿ ಅವರ ಕೈಯ ಬಾವಿಗಳಿವೆ. ಬೋರ್‌ವೆಲ್ ಬಂದ ಮೇಲೆ ಮಣ್ಣಿನ ವಿಷಯ ಅವರನ್ನು ಕೇಳುವವರೇ ಇಲ್ಲವಾದರು. ವೈ.ಎನ್.ಹೊಸಕೋಟೆ ಹತ್ತಿರದ ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಅಮ್ಮ ತೀರಿಕೊಂಡಾಗಿನಿಂದ ಅಪ್ಪ ನನ್ನ ಜೊತೆಯಲ್ಲೇ ಇದ್ದಾರೆ.

ಹೋದ ಬೇಸಿಗೆ ರಜೆಯಲ್ಲಿ ನಾವು ನಾಲ್ಕೈದು ಜನ ಟೀಚರುಗಳು ಲಡಾಖ್ ನೋಡಿಬಂದೆವು. ಮನೆಗೆ ಬಂದು ಮೊಬೈಲಿನಲ್ಲಿ ಫೋಟೊ ತೋರಿಸಿದರೆ ಅಪ್ಪ ಹಿಮದ ಬೆಟ್ಟಗಳಿಗೆಲ್ಲ “ಹೂಂ” ಅಂದರು, ಅಷ್ಟೇ. ಕಣಿವೆಯೊಂದರಲ್ಲಿ ರಸ್ತೆಗಾಗಿ ಕಡಿದಿದ್ದ ಎತ್ತರದ ದಿಣ್ಣೆಯ ಫೋಟೊ ಬಂದಾಗ ಮಾತ್ರ ನನ್ನ ಕೈ ಹಿಡಿದುಕೊಂಡರು.

“ತಡಿಯಮ್ಮ. ಅದನ್ನ ದೊಡ್ಡದು ಮಾಡು.”

ದಿಣ್ಣೆಯ ತಳದಲ್ಲಿ ಬಂಡೆ, ಜಲ್ಲಿ, ಹಿಟ್ಟಿನಂಥ ಮಣ್ಣು ಎಲ್ಲವೂ ಕಲಸಿಕೊಂಡಿದ್ದವು. ಅದರ ಮೇಲೆ ಬೂದು ಬಣ್ಣದ ತೆಳು ಪದರಗಳು. ತುದಿಯಲ್ಲಿ ಮರಳು, ನುಣುಪಾದ ಗುಂಡುಕಲ್ಲು.

“ಕೆಳಗಿಂದು ನೀರು ತಂದಿದ್ದಲ್ಲ ಕಣಮ್ಮ. ನೀರಾದ್ರೆ ದಪ್ಪದ್ದೊಂದ್ಕಡೆ, ಸಣ್ಣದ್ದೊಂದ್ಕಡೆ ಇಕ್ಕುತ್ತೆ. ಇದನ್ನ ಯಾರೋ ಹೊತ್ತು ತಂದು ಅಂಗೇ ಸುರಿದ್ಬುಟ್ಟವ್ರೆ. ಅದರ ಮೇಲಿಂದು ನಿಂತ ನೀರಿನ ಗೋಡುಮಣ್ಣು. ಅಲ್ಲಿ ಕೆರೆ ಇತ್ತಾ?”

ನಾನು ಪುಸ್ತಕ ಓದಿ ತಿಳಿದದ್ದನ್ನು ಅಪ್ಪ ಕಣ್ಣಲ್ಲೇ ಓದಿದ್ದರು. ಒಂದು ಕಾಲಕ್ಕೆ ಆ ಕಣಿವೆ ತುಂಬ ಹಿಮವಿತ್ತು, ಅದು ನಿಧಾನವಾಗಿ ಜಾರುತ್ತ ಬೆಟ್ಟವನ್ನು ಉಜ್ಜಿ ಕಲ್ಲುಮಣ್ಣು ಹೊತ್ತು ತಂದಿತ್ತು ಎಂದು ವಿವರಿಸಿದೆ. ಸೆಕೆ ಹೆಚ್ಚಿ ಹಿಮ ಕರಗಿ ಹಿಂದೆ ಸರಿದಾಗ ಹೊತ್ತದ್ದನ್ನೆಲ್ಲ ಅಲ್ಲೇ ಬಿಟ್ಟಿತು. ಆ ರಾಶಿಯೇ ಕಟ್ಟೆಯಾಗಿ ನೀರು ನಿಂತಿತು, ಹೂಳು ತುಂಬಿತು. ಆಮೇಲೆ ಹೊಳೆ ಬಂದು ಮರಳು ಹರಡಿತು.

“ಎಷ್ಟು ದಿನ ಹಿಡೀತು?”

“ಸಾವಿರಾರು ವರ್ಷ ಅಪ್ಪಾ.”

ಅಪ್ಪ ಫೋಟೊವನ್ನು ಇನ್ನೊಮ್ಮೆ ನೋಡಿದರು. “ಪಾಪ, ಅಷ್ಟು ದೂರದಿಂದ ಹೊತ್ಕಂಡು ಬಂದು ಇಳಿಸೈತೆ,” ಅಂದರು.

ಶಾಲೆ ಶುರುವಾದ ಮೇಲೆ ಹಿಮನದಿಯ ಪಾಠಕ್ಕೆ ಅವರನ್ನೇ ಕರೆದೆ. “ನಾನೇನು ಓದಿದ್ದೀನಿ ಅಂತ ಬರ್ಲಿ?” ಎಂದು ಗೊಣಗಿದರೂ ಬೆಳಿಗ್ಗೆ ಇಸ್ತ್ರಿ ಪಂಚೆ ಉಟ್ಟು ನನಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದರು.

ತರಗತಿಯಲ್ಲಿ ಅಪ್ಪ ಗಾಜಿನ ಜಾಡಿಗೆ ಜಲ್ಲಿ, ಮರಳು, ಕೆರೆಮಣ್ಣು, ನೀರು ಹಾಕಿ ಕುಲುಕಿ ಇಟ್ಟರು. ಜಲ್ಲಿ ಮೊದಲು ಇಳಿಯಿತು, ಹಿಂದೆಯೇ ಮರಳು, ಬಹಳ ಹೊತ್ತಿಗೆ ಮಣ್ಣು. ಅಂಥದ್ದೇ ಮಿಶ್ರಣವನ್ನು ಮನೆಯ ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿಸಿ ತಂದಿದ್ದ ಗಡ್ಡೆಯನ್ನು ತಟ್ಟೆಯಲ್ಲಿ ಬಿಸಿಲಿಗಿಟ್ಟೆವು. ಅದು ಕರಗಿ ಎಲ್ಲವನ್ನೂ ಒಂದೇ ಗುಡ್ಡೆಯಾಗಿ ಬಿಟ್ಟಿತು.

“ನೋಡ್ರಮ್ಮ, ನೀರು ಜರಡಿ ಹಿಡಿಯುತ್ತೆ. ಹಿಮಕ್ಕೆ ಆ ಬುದ್ಧಿ ಇಲ್ಲ!” ಅಪ್ಪನ ಮಾತಿಗೆ ಮಕ್ಕಳು ನಕ್ಕರು.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು. “ತಾತ, ಬಾವಿ ಒಳಗೆ ಇಳಿಯೋಕೆ ಭಯ ಆಗ್ತಿರ್ಲಿಲ್ವಾ?”

“ಮೊದ್ಲು ಇರ್ಲಿಲ್ಲ ಕಣಮ್ಮ. ನಿಮ್ ಮೇಡಮ್ಮು ಹುಟ್ಟಿದ್ಮೇಲೆ ಸುರುವಾಯ್ತು.”

ಇದನ್ನು ಅವರು ನನಗೆ ಯಾವತ್ತೂ ಹೇಳಿರಲಿಲ್ಲ. ನಾನು ಬೋರ್ಡಿಗೆ ತಿರುಗಿ, ಬೇಡದಿದ್ದರೂ ಅಲ್ಲಿ ಮೊದಲೇ ಬರೆದಿದ್ದ ಕಣಿವೆಯ ಚಿತ್ರಕ್ಕೆ ಇನ್ನೆರಡು ಗೆರೆ ಎಳೆದೆ. ಬಿಸಿಯೂಟದ ಗಂಟೆ ಹೊಡೆದಾಗ ಮಕ್ಕಳು ಅಪ್ಪನನ್ನು ತಮ್ಮ ಸಾಲಿನಲ್ಲೇ ಕೂರಿಸಿಕೊಂಡರು.