ಅತ್ತಿಗೆ ಇರುವೆಯನ್ನು ಕುಗ್ಗಿಸಿದ್ದು

ಅತ್ತಿಗೆ ಮಾಡಿದ ಮೊದಲ ಕಾರ್ಟೂನ್ ಚಿತ್ರದ ನಾಯಕಿಯನ್ನು ನಮ್ಮಮ್ಮ ಒದ್ದೆ ಬಟ್ಟೆ ತಂದು ಒರೆಸಿಹಾಕಲು ಹೊರಟರು.

ಅಮ್ಮನದೇನೂ ತಪ್ಪಿಲ್ಲ. ನಾಯಕಿ ಒಂದು ಇರುವೆ. ಫ್ಯಾಮಿಲಿ ಗ್ರೂಪಿಗೆ ಬಂದ ವಿಡಿಯೋವನ್ನು ಟಿ.ವಿ.ಗೆ ಹಾಕಿಕೊಂಡು ಎಲ್ಲರೂ ಕೂತಿದ್ದೆವು. ಪರದೆಯ ತುಂಬ ಹಸಿರು ಚೌಕಗಳು ಕಲಸಿಕೊಂಡು ಕುಣಿಯುತ್ತಿದ್ದವು. ನಡುವೆ ಒಂದು ಕಪ್ಪು ಚುಕ್ಕೆ.

"ಟಿ.ವಿ. ಒರೆಸ್ರೋ ಅಂತ ಎಷ್ಟು ಸಲ ಬಡ್ಕೊಳ್ಳೋದು?" ಅಮ್ಮ ಎದ್ದರು.

"ಅತ್ತೇ, ಅದು ಕೊಳೆ ಅಲ್ಲ, ಹೀರೋಯಿನ್ನು!"

"ಹಾಗಾದ್ರೆ ಮುಖ ತೊಳೆಸಿ ಕರ್ಕೊಂಡ್ ಬರೋದಲ್ವೇನೇ?"

ಅತ್ತಿಗೆ ನಿವೃತ್ತ ಡ್ರಾಯಿಂಗ್ ಟೀಚರ್. ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಗಣಿತದವರು ಅವರ ಪೀರಿಯಡ್ ಕಿತ್ತುಕೊಳ್ಳುತ್ತಿದ್ದರು. ನಿವೃತ್ತಿಯಾದ ಮೇಲೆ, ಯಾರೂ ಕಿತ್ತುಕೊಳ್ಳಲಾಗದ ಪೀರಿಯಡ್ ಸಿಕ್ಕಿತು. ಇಸ್ತ್ರಿ ಮೇಜೇ ಸ್ಟುಡಿಯೋ ಆಯಿತು. ಅಣ್ಣ ಅಷ್ಟೂ ದಿನ ಸುಕ್ಕು ಅಂಗಿಯಲ್ಲೇ ಓಡಾಡಿದ. ಒಂದು ಮರ, ಅದನ್ನು ಹತ್ತುವ ಒಂದು ಇರುವೆ, ಇಷ್ಟೇ ಕಥೆ. ಆದರೆ ಮರದ ಒಂದೊಂದು ಎಲೆಯನ್ನೂ ಬೇರೆಬೇರೆ ಬರೆದು, ಬೇರೆಬೇರೆಯಾಗಿ ಗಾಳಿಗೆ ಅಲ್ಲಾಡಿಸಿದ್ದರು. ಆ ಎಲೆಗಳೆಂದರೆ ಅವರಿಗೆ ಪ್ರಾಣ.

ಮಕ್ಕಳ ಗ್ರಂಥಾಲಯದವರು ಚಿತ್ರವನ್ನು ತಮ್ಮ ವೆಬ್‌ಸೈಟಿಗೆ ಹಾಕಲು ಒಪ್ಪಿದ್ದರು. ಷರತ್ತು ಒಂದೇ: ಫೈಲು ಇಪ್ಪತ್ತು ಎಂಬಿ ಮೀರಬಾರದು. ಶನಿವಾರದೊಳಗೆ ತಲುಪದಿದ್ದರೆ ಆ ಜಾಗ ಬೇರೆಯವರ ಪಾಲು. ಅತ್ತಿಗೆಯ ಫೈಲೋ ಅದರ ಹತ್ತಾರು ಪಟ್ಟು.

ನಮ್ಮ ಮನೆಯವರು ಮಹಾ ಉಪಕಾರಿಗಳು. ಅತ್ತಿಗೆ ಒಮ್ಮೆ ಕುಗ್ಗಿಸಿ ಅಣ್ಣನಿಗೆ ಕಳಿಸಿದರು. "ಇನ್ನೂ ದಪ್ಪ ಇದೆ" ಎಂದು ಅಣ್ಣ ಅದನ್ನೇ ಕುಗ್ಗಿಸಿ ನನಗೆ ಕಳಿಸಿದ. ನಾನೇನು ಕಮ್ಮಿ? ನಾನೂ ಒಂದು ಕೈ ನೋಡಿ ಗ್ರೂಪಿಗೆ ಹಾಕಿದೆ. ಗ್ರೂಪು ತನ್ನ ಪಾಲಿನದನ್ನು ತಾನೇ ಹಿಂಡಿಕೊಂಡಿತು. ಫೈಲು ಕುಗ್ಗಿತು, ಟಿ.ವಿ. ನೋಡಿ ಅತ್ತಿಗೆಯೂ ಕುಗ್ಗಿದರು.

"ಅಂತೂ ಇಪ್ಪತ್ತರೊಳಗೆ ಬಂತಲ್ಲ, ಕಳಿಸಿಬಿಡೇ," ಅಂದ ಅಣ್ಣ.

"ಇರುವೆ ಕಾಣ್ದಿದ್ರೆ ಮಕ್ಕಳು ಏನ್ ನೋಡ್ಬೇಕು? ನಿಮ್ಮ ಮುಖಾನಾ?"

ಮಾರನೆಯ ದಿನ ಅತ್ತಿಗೆ ಮೂಲ ಫೈಲನ್ನೇ ತೆಗೆದು ಕೂತರು. ಕುಗ್ಗಿಸಿದ್ದನ್ನೇ ಮತ್ತೆ ಕುಗ್ಗಿಸಬಾರದು ಎಂಬುದು ಅಷ್ಟು ಹೊತ್ತಿಗೆ ನಮಗೂ ಹೊಳೆದಿತ್ತು. ಆದರೆ ಮೂಲದಿಂದ ಒಂದೇ ಸಲ ಇಳಿಸಿದರೂ ಇರುವೆ ಮಸುಕೇ. ಚಿತ್ರದಲ್ಲಿ ಮರವನ್ನು ಮರೆಮಾಡಿ ಕುಗ್ಗಿಸಿ ನೋಡಿದರು, ಇರುವೆ ಮಿಂಚಿತು. ಮರವನ್ನು ಮತ್ತೆ ತಂದರು, ಇರುವೆ ಮಾಯ.

"ಗೊತ್ತಾಯ್ತು ಬಿಡು," ಎಂದು ನನಗೆ ಪಾಠ ಮಾಡಿದರು. "ಕ್ಲಾಸಲ್ಲಿ ಸುಮ್ನೆ ಕೂತಿರೋ ಮಕ್ಕಳಿಂದ ಏನೂ ತಾಪತ್ರಯ ಇಲ್ಲ. ಅಲ್ಲಾಡೋರನ್ನ ಒಬ್ಬೊಬ್ಬರನ್ನೇ ನೋಡ್ಕೋಬೇಕು. ಫೈಲಿನ ಜಾಗ ಎಲ್ಲಾ ಈ ಅಲ್ಲಾಡೋ ಎಲೆಗಳೇ ತಿಂದ್ವು. ಇರುವೆಗೇನೂ ಉಳೀಲಿಲ್ಲ."

"ಎಲೆ ಅಲ್ಲಾಡೋದು ನಿಲ್ಲಿಸಿಬಿಡಿ ಹಾಗಾದ್ರೆ."

ಅತ್ತಿಗೆ ನನ್ನನ್ನು ನೋಡಿದ ನೋಟಕ್ಕೆ ನಾನು ಎರಡನೇ ಕಾಫಿ ಕೇಳಲಿಲ್ಲ.

ಆದರೂ ಶನಿವಾರ ಬೆಳಿಗ್ಗೆ ಗಾಳಿ ನಿಲ್ಲಿಸಿದರು. ಒಂದೊಂದೇ ಎಲೆ ಸ್ತಬ್ಧವಾಗುವಾಗ ಅವರ ತುಟಿ ಬಿಗಿಯಾಗಿತ್ತು. ಅಣ್ಣ ಬಾಗಿಲಲ್ಲಿ ಇಣುಕಿದ್ದಕ್ಕೆ, "ಇವತ್ತು ಯಾರೂ ಉಪಕಾರ ಮಾಡ್ಬೇಡಿ," ಎಂದು ಗದರಿಕೊಂಡರು. ಒಂದೇ ಸಲ ಕುಗ್ಗಿಸಿ, ಯಾವ ಗ್ರೂಪಿಗೂ ಹಾಕದೆ, ನೇರ ಗ್ರಂಥಾಲಯದ ಸೈಟಿಗೇ ಏರಿಸಿದರು. ಇರುವೆ ಮೀಸೆ ಸಮೇತ ಸ್ಪಷ್ಟವಾಗಿ ಹೋಗಿ ತಲುಪಿತು.

ಮುಂದಿನ ವಾರ ಗ್ರಂಥಾಲಯದ ಗೋಡೆಯ ಮೇಲೆ ಚಿತ್ರ ತೋರಿಸಿದರು. ಮಕ್ಕಳು ಇರುವೆಯ ಜೊತೆಗೇ ಕತ್ತೆತ್ತುತ್ತ ಹೋದರು. ಮುಗಿದ ಮೇಲೆ ಗ್ರಂಥಪಾಲಕಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಮೇಡಂ, ಅವಳು ಹತ್ತುವಾಗ ಒಂದೆಲೆಯೂ ಅಲುಗಲ್ಲ. ಇಡೀ ಮರವೇ ಅವಳಿಗಾಗಿ ಉಸಿರು ಬಿಗಿಹಿಡಿದು ನಿಂತಿದೆ. ಇಂಥ ಭಾವ ನಿಮಗೆ ಹೇಗೆ ಹೊಳೀತು?"

ಕಲಾವಿದೆಯ ಗಂಡನಿಗೆ ತಕ್ಕ ಹಾಗೆ ಅಣ್ಣ ನೆಟ್ಟಗೆ ಕೂತ.

"ಅಲ್ಲಾಡಿದ್ರೆ ನಿಮ್ಮ ಸೈಟು ತಗೋತಿರ್ಲಿಲ್ಲಮ್ಮಾ," ಅಂದರು ಅತ್ತಿಗೆ.